ನಾವು ಬೆಣ್ಣೆ ಎಂದು ಕರೆದ ಮುಲಾಮು

ಹುಣಸೂರಿನ ಆಸ್ಪತ್ರೆಯ ಲೇಡಿ ಡಾಕ್ಟರು ನನ್ನ ಕೈಗೆ ನಿರೋಧ್ ಪೊಟ್ಟಣಗಳನ್ನು ಕೊಟ್ಟು, "ಇದನ್ನ ಹಾಕ್ಕೊಳ್ಳೋಕೆ ನಿಮ್ಮ ಯಜಮಾನ್ರಿಗೆ ಹೇಳಮ್ಮ. ಇಲ್ದಿದ್ರೆ ನಾನೆಷ್ಟು ಮಾತ್ರೆ ಕೊಟ್ರೂ ನಿನ್ನ ಕಾಯಿಲೆ ವಾಪಸ್ ಬರ್ತಾನೇ ಇರುತ್ತೆ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ನಮ್ಮ ಮನೆಯಲ್ಲಿ ಅದನ್ನು ಹೇಳುವುದು ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪೊಟ್ಟಣಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹನಗೋಡಿನ ಬಸ್ಸು ಹತ್ತಿದೆ. ಇಳಿದು ಊರಿಗೆ ನಡೆಯುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಸಂಜೆ ನನ್ನ ಗಂಡ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ನೀರಿನ ಚೊಂಬು ಅವನ ಕೈಯಲ್ಲೇ ಇತ್ತು. "ಡಾಕ್ಟ್ರು ಇದ ಕೊಟ್ಟವ್ರೆ" ಎಂದು ಗಂಟು ಬಿಚ್ಚಿ ತೋರಿಸಿದೆ.

ಅವನು ನೋಡಿದ. "ಆಪರೇಸನ್ ಆದೋಳ್ಗೆ ಇದ್ಯಾಕಮ್ಮಿ? ಯಾವನ್ಗೆ ತಂದು ಮಡಗಿದ್ದೀಯೆ?"

"ನಿಮಗೇ ಕಣ್ರೀ. ಕಾಯ್ಲೆ ಬಂದದೆ ಅಂತ..."

ಮಾತು ಮುಗಿಯಲಿಲ್ಲ. ಹಿತ್ತಾಳೆ ಚೊಂಬು ಬಾಯಿಗೆ ಬಿತ್ತು. ಮುಂದಿನ ಹಲ್ಲು ಅರ್ಧಕ್ಕೆ ಮುರಿದು ನಾಲಿಗೆಯ ಮೇಲೆ ಹರಳಿನ ಹಾಗೆ ಕೂತಿತು. "ನಂಗೆ ರೋಗ ಅಂತೀಯೇನೆ? ನಂಗಾ?" ಎನ್ನುತ್ತ ಇನ್ನೆರಡು ಹಾಕಿದ. ನನ್ನ ಅತ್ತೆ ಒಲೆಯ ಮುಂದಿನಿಂದ ಏಳದೆ, "ಮಕ ಬುಟ್ಟು ಒಡೀಲಾ, ನಾಳೆ ಜನ ನೋಡ್ತಾರೆ" ಎಂದಳು.

ಎರಡನೆಯ ಹೆರಿಗೆಯಾದ ಮೇಲೆ ನನಗೆ ಆಪರೇಷನ್ ಮಾಡಿಸಿದ್ದರು. ಆಗ ನನಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ನಮ್ಮ ಕಡೆ ಹೆಚ್ಚು ಕಡಿಮೆ ಎಲ್ಲ ಹೆಂಗಸರದೂ ಅದೇ ಕಥೆ. ಆಪರೇಷನ್ ಆದರೆ ಮಕ್ಕಳ ಕಾಟ ತಪ್ಪಿತು ಎಂದು ಸಂತೋಷಪಡುತ್ತೇವೆ. ಅದರ ಜೊತೆಗೆ ಒಂದು ನೆಪವೂ ಕೈತಪ್ಪಿ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಚೊಂಬಿನ ಏಟು ತಿಂದ ಮೇಲೆ. ಆಪರೇಷನ್ ಆಗದವಳು "ಈಗಲೇ ಇನ್ನೊಂದು ಮಗು ಬ್ಯಾಡ, ಇದ ಆಕ್ಕೊಳ್ಳಿ" ಎಂದು ಗಂಡನ ಹತ್ತಿರ ಹೇಗೋ ಕೇಳಬಹುದು. ಆದವಳು ಕೇಳಿದರೆ ಅದಕ್ಕೆ ಎರಡೇ ಅರ್ಥ. ಒಂದೋ ಅವನು ಕೆಟ್ಟವನು, ಇಲ್ಲವೇ ಇವಳು ಕೆಟ್ಟವಳು. ಎರಡಕ್ಕೂ ಏಟು ಬೀಳುವುದು ಒಬ್ಬಳಿಗೇ.

ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಬತ್ತದ ಊರಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಹನಗೋಡಿನ ಹತ್ತಿರದ ಈ ಹೊಗೆಸೊಪ್ಪಿನ ಊರಿಗೆ ಕೊಟ್ಟರು. ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣ ನನ್ನ ಗಂಡ. ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಇಬ್ಬರೂ ಶುಂಠಿ ಲೋಡಿನ ಜೊತೆ ಗಡಿ ದಾಟಿ ಕೇರಳಕ್ಕೆ ಹೋಗುತ್ತಿದ್ದರು, ವಾರಗಟ್ಟಲೆ ಅಲ್ಲೇ ಇರುತ್ತಿದ್ದರು. ಅಲ್ಲಿಂದ ತಂದದ್ದರಲ್ಲಿ ಈ ಕಾಯಿಲೆಯೂ ಒಂದು. ಉಚ್ಚೆಗೆ ಹೋದರೆ ಉರಿ, ಕಿಬ್ಬೊಟ್ಟೆಯಲ್ಲಿ ಕಾದ ಬಾಣಲೆ ಮಗುಚಿದಂಥ ನೋವು. ಹಾಗಿದ್ದೂ ದಿನವಿಡೀ ಸೊಪ್ಪು ಮುರಿಯಲು ಬಗ್ಗಬೇಕು.

ತಮ್ಮನ ಹೆಂಡತಿ ನನಗಿಂತ ಆರೇಳು ವರ್ಷ ಚಿಕ್ಕವಳು. ಎಚ್.ಡಿ. ಕೋಟೆಯ ಕಡೆ, ಎನ್. ಬೇಗೂರಿನ ಹತ್ತಿರದವಳು, ಕಾಡಂಚಿನ ಹುಡುಗಿ. ಮಾತು ಒರಟು, ನಗು ಜೋರು. ಅವಳಿಗೆ ಒಂದು ಹೆಣ್ಣುಮಗುವಿತ್ತು. ಗಂಡುಮಗು ಯಾವಾಗ ಎಂದು ಅತ್ತೆ ದಿನಾ ಕುಟುಕುತ್ತಿದ್ದಳು. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ನಾವಿಬ್ಬರು ಹಾಗಿರಲಿಲ್ಲ. ಆ ಸಂಜೆ ನನ್ನ ಬಾಯಿಯ ರಕ್ತ ಒರೆಸಿದವಳು ಅವಳು. ಒರೆಸುತ್ತ ಕಿವಿಯಲ್ಲಿ, "ಅಕ್ಕ, ನಂಗೂ ಅದೇ ಉರಿ ಕಣಕ್ಕ" ಎಂದಳು.

ಹೊಗೆಸೊಪ್ಪು ಬೇಯಿಸಿ, ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸ ನಡೆಯುತ್ತಿದ್ದ ದಿನಗಳು. ಊರಿನ ದೊಡ್ಡ ರೈತರೊಬ್ಬರ ಶೆಡ್ಡಿನಲ್ಲಿ ನಾವೆಲ್ಲ ಸಾಲಾಗಿ ಕೂತಿದ್ದೆವು. ಆಗ ಒಂದು ಜೀಪು ಬಂತು. ಅದರಿಂದ ಇಳಿದವರು ಮೈಸೂರಿನ ಕಡೆಯ ಒಬ್ಬ ಹೆಂಗಸು. ಅವರು ಆಪ್ತಸಲಹೆ ಹೇಳುವವರು, ಹುಣಸೂರಿನಲ್ಲಿ ಹೆಂಗಸರ ಆರೋಗ್ಯಕ್ಕೆಂದು ಹೊಸದಾಗಿ ತೆರೆದಿದ್ದ ಒಂದು ಕೇಂದ್ರದವರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರು ಸೊಪ್ಪಿನ ಧೂಳಿಗೆ ಸೀನುತ್ತ ನಮ್ಮ ನಡುವೆಯೇ ಚಕ್ಕಂಬಕ್ಕಲ ಹಾಕಿ ಕೂತು ಕೇಳಿದರು. "ಮಕ್ಕಳಾಗೋದನ್ನೂ ತಡೀಬೇಕು, ಗಂಡಸರಿಂದ ಬರೋ ಕಾಯಿಲೆನೂ ತಡೀಬೇಕು, ಹೆಂಗಸಿನ ಕೈಯಲ್ಲೇ ಇರಬೇಕು. ಅಂಥದ್ದೊಂದು ಔಷಧಿ ಇದ್ರೆ ಬಳಸ್ತೀರಾ?"

ಎಲ್ಲರೂ ತಲೆ ತಗ್ಗಿಸಿ ಸೊಪ್ಪು ವಿಂಗಡಿಸತೊಡಗಿದೆವು. ಕೊನೆಗೆ ನಮ್ಮ ಪಕ್ಕದ ಮನೆಯ ಅಜ್ಜಿ ಬಾಯಿಯ ಎಲೆಅಡಿಕೆ ಉಗಿದು, "ಗಂಡ್ಸನ್ನೇ ತಡಿಯೋ ಔಸ್ದಿ ಇದ್ರೆ ಕೊಡವ್ವ, ಎಲ್ಲಾ ತಕತಾರೆ" ಎಂದಳು. ನಕ್ಕು ನಕ್ಕು ಸೊಪ್ಪಿನ ರಾಶಿ ಉರುಳಿತು. ಆ ನಗುವಿನ ಮರೆಯಲ್ಲಿ ನನ್ನ ವಾರಗಿತ್ತಿ ಮೇಡಂ ಹತ್ತಿರ ಸರಿದು ಕೂತಳು.

ಹೊಟ್ಟೆನೋವಿನ ನೆಪ ಹೇಳಿ ನಾವಿಬ್ಬರೂ ಹುಣಸೂರಿಗೆ ಹೋದೆವು. ಆ ನೆಪದಲ್ಲಿ ಸುಳ್ಳೇನೂ ಇರಲಿಲ್ಲ. ಕೇಂದ್ರದ ಡಾಕ್ಟರು ಪರೀಕ್ಷೆ ಮಾಡಿದರು, ರಕ್ತ ತೆಗೆದರು, ಇಬ್ಬರಿಗೂ ಇದ್ದ ಸೋಂಕಿಗೆ ಔಷಧಿ ಕೊಟ್ಟು ವಾಸಿ ಮಾಡಿದರು. ಆಮೇಲೆ ಮೇಡಂ ಹೇಳಿದ್ದ ಔಷಧಿ ಕೊಟ್ಟರು, ಅದೊಂದು ಮುಲಾಮು. ಸೂಜಿಯಿಲ್ಲದ ಸಿರಿಂಜಿನಂಥ ಪ್ಲಾಸ್ಟಿಕ್ ಕೊಳವೆಯಲ್ಲಿ ಅದು ತುಂಬಿರುತ್ತಿತ್ತು. ಗಂಡ ಹತ್ತಿರ ಬರುವ ಮುಂಚೆ ನಾವೇ ಒಳಗೆ ಹಾಕಿಕೊಳ್ಳಬೇಕು. ಬಣ್ಣವಿಲ್ಲ, ವಾಸನೆಯಿಲ್ಲ.

ಮೇಡಂ ನಮ್ಮನ್ನು ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಇದು ಕೆಲಸ ಮಾಡುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋದಕ್ಕೇ ಈ ಪ್ರಯೋಗ ಮಾಡ್ತಿರೋದು. ಕೆಲವರಿಗೆ ಔಷಧಿ ಇರೋ ಮುಲಾಮು ಸಿಗುತ್ತೆ, ಕೆಲವರಿಗೆ ಇಲ್ದೇ ಇರೋದು. ಯಾರಿಗೆ ಯಾವುದು ಅಂತ ನನಗೂ ಹೇಳಿರಲ್ಲ. ಅದಕ್ಕೇ ಸಾಧ್ಯ ಆದಾಗೆಲ್ಲ ನಿರೋಧ್ ಬಳಸಿ. ಇದನ್ನೇ ನಂಬ್ಕೊಂಡು ಕೂರಬೇಡಿ."

ನಾನು ತಲೆ ಆಡಿಸಿದೆ. ಮುರಿದ ಹಲ್ಲಿನ ಸಂದಿಗೆ ನಾಲಿಗೆ ಹೋಗಿತ್ತು. ನಿರೋಧ್ ಬಳಸುವಂಥ ಗಂಡನಿದ್ದಿದ್ದರೆ ನಾನು ಇಲ್ಲಿಗೇಕೆ ಬರುತ್ತಿದ್ದೆ ಎಂದು ಅವರನ್ನು ಕೇಳಲಿಲ್ಲ.

ವಾರಗಿತ್ತಿಗೆ ಇನ್ನೊಂದು ಪ್ರಶ್ನೆ ಇತ್ತು. "ಇದ ಬುಟ್ಟ ಮ್ಯಾಲೆ ಮಕ್ಳಾಯ್ತವಾ?"

"ಆಗಬೇಕು. ಸದ್ಯಕ್ಕೆ ಮಗು ಬೇಡ ಅನ್ನೋರು ಮಾತ್ರ ಸೇರಬೇಕು."

"ಸದ್ಯಕ್ಕೆ ಬ್ಯಾಡ" ಎಂದಳು. ವಾಪಸ್ ಬಸ್ಸಿನಲ್ಲಿ ನನಗೆ ಹೇಳಿದಳು: "ಮಗು ಬೇಕು ಕಣಕ್ಕ. ಆದ್ರೆ ಈ ರೋಗದ ಮ್ಯಾಲೆ ಮಗು ಮಾಡ್ಕೊಂಡು ಏನ್ ಮಾಡ್ಲಿ? ಮೊದ್ಲು ಅವ್ನು ವಾಸಿಯಾಗ್ಲಿ." ಅವಳ ಗಂಡ, ನನ್ನ ಮೈದುನ, ಆಸ್ಪತ್ರೆಯ ಮೆಟ್ಟಿಲು ಹತ್ತುವವನಲ್ಲ. "ನಂಗೇನಾಗದೆ, ಕಲ್ಲಿದ್ದಂಗಿವ್ನಿ" ಎನ್ನುತ್ತಿದ್ದ.

ಮುಲಾಮಿಗೆ ನಾವು ಬೆಣ್ಣೆ ಎಂದು ಹೆಸರಿಟ್ಟೆವು. "ಬೆಣ್ಣೆ ಮುಗೀತೇನಮ್ಮಿ?" ಎಂದು ಅತ್ತೆಯ ಎದುರಿಗೇ ಕೇಳಬಹುದಿತ್ತು. ಜೀಪು ಬರುವ ದಿನ ಅಜ್ಜಿಯ ಮನೆಯ ಹಿತ್ತಿಲಲ್ಲಿ ಖಾಲಿ ಕೊಳವೆ ಕೊಟ್ಟು ಹೊಸದನ್ನು ತರುತ್ತಿದ್ದೆವು. ನಾನು ನನ್ನದನ್ನು ಕೊಟ್ಟಿಗೆಯ ಗೋಡೆಗೂಡಿನಲ್ಲಿ ಇಡುತ್ತಿದ್ದೆ. ಅವಳು ಹುರುಳಿಯ ಡಬ್ಬದಲ್ಲಿ ಹುದುಗಿಸುತ್ತಿದ್ದಳು.

ಆ ತಿಂಗಳುಗಳಲ್ಲಿ ಏಟು ನಿಂತಿತು ಎಂದು ಹೇಳಲಾರೆ. ಒಮ್ಮೆ ಅವನಿಗೆ ಅನುಮಾನ ಬಂದು, "ಏನೇ ಇದು, ಇಷ್ಟೊಂದು ಜಾರ್ತದೆ?" ಎಂದ. "ಬಿಳಿ ಹೋಯ್ತಾದೆ, ಅದೇ ಕಾಯ್ಲೆ" ಎಂದೆ. "ಥೂ" ಎಂದು ಕಾಲಿನಿಂದ ಒದ್ದು ತಳ್ಳಿ ಆಚೆ ತಿರುಗಿ ಮಲಗಿದ. ಸೊಂಟ ಗೋಡೆಗೆ ಬಡಿದು ವಾರ ಕುಂಟಿದೆ. ಆದರೂ ಒಳಗೊಳಗೇ ಏನೋ ಬದಲಾಗಿತ್ತು. ಮದುವೆಯಾದಾಗಿನಿಂದ ನನ್ನ ಮೈಯ ಬಗ್ಗೆ ನಾನೇ ತೀರ್ಮಾನ ಮಾಡಿದ ಮೊದಲ ಸಂಗತಿ ಅದು. ಒದೆ ತಿಂದ ಮೇಲೂ, ನನ್ನ ಕೆಲಸ ನಾನು ಮಾಡಿದ್ದೇನೆ, ಅದು ಇವನಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ.

ಮಾರನೆ ವರ್ಷ ಸೊಪ್ಪು ಬೇಯಿಸುವ ಕಾಲ ಬಂತು. ನಮ್ಮ ಬ್ಯಾರನ್ನು, ಅಂದರೆ ಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆ, ವಾಸದ ಮನೆಗೆ ಅಂಟಿಕೊಂಡೇ ಇತ್ತು. ಹೊರಗಿನ ಒಲೆಗೆ ಸೌದೆ ತಳ್ಳಿದರೆ ಕಾವು ದಪ್ಪ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಹರಿಯುತ್ತದೆ. ಮಧ್ಯಾಹ್ನ ನಾನು ಅದರ ಮುಂದಿನ ಚಪ್ಪರದಲ್ಲಿ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆ. ವಾರಗಿತ್ತಿ ಪಕ್ಕದಲ್ಲಿ ಕೂತು ಸೊಪ್ಪು ಎತ್ತಿಕೊಡುತ್ತಿದ್ದಳು. ಅಣ್ಣ ತಮ್ಮ ಇಬ್ಬರೂ ಒಲೆಯ ಹತ್ತಿರ ಇದ್ದರು. ಅತ್ತೆ ಮನೆಯೊಳಗಿನಿಂದ ಹುರುಳಿಯ ಡಬ್ಬವನ್ನೇ ಎತ್ತಿಕೊಂಡು ಬಂದಳು. ಡಬ್ಬ ಬೋರಲು ಹಾಕಿದಳು. ಹುರುಳಿಯ ನಡುವೆ ಬಿಳಿ ಕೊಳವೆಗಳು ಬಿದ್ದವು.

"ನೋಡ್ರಪ್ಪ, ಗಂಡ್ಮಗ ಯಾಕಾಗ್ನಿಲ್ಲ ಅಂತ ಈಗ ಗೊತ್ತಾಯ್ತು. ಹುಟ್ಟೋಕ್ ಮುಂಚೇನೇ ಸಾಯಿಸ್ತಾವ್ಳೆ ಇವ್ಳು."

"ಇಲ್ಲ ಕಣತ್ತೆ, ಕಾಯ್ಲೆಗೆ ಡಾಕ್ಟ್ರು ಕೊಟ್ಟಿರೋದು" ಎಂದು ವಾರಗಿತ್ತಿ ಎದ್ದಳು. ಅತ್ತೆ ಅವಳ ಜಡೆ ಹಿಡಿದು ಕೆನ್ನೆಗೆ ಬಾರಿಸಿದಳು. ಮೈದುನ ಕಾಲಿನಿಂದ ಒದ್ದ. ಅವನು ಒಂದು ಸಲ ಒದ್ದು ನಿಂತ, ಏನು ಮಾಡಬೇಕೆಂದು ತೋಚದವನ ಹಾಗೆ ಅಣ್ಣನ ಮುಖ ನೋಡಿದ. ಅಣ್ಣನಿಗೆ ತೋಚಿತು.

"ಕೊಟ್ಟೋರ್ಯಾರು ಹೇಳು. ಇನ್ಯಾರ್ಯಾರು ತಕತಾವ್ರೆ ಹೇಳು" ಎಂದು ಅವಳ ಬಲಗೈ ತಿರುಚಿ ಬ್ಯಾರನ್ನಿನ ಬಾಗಿಲೊಳಕ್ಕೆ ಎಳೆದುಕೊಂಡು ಹೋದ. ಅವಳು ನನ್ನ ಕಡೆ ನೋಡಿದಳು. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ಅವನು ಅವಳ ಮುಂಗೈಯನ್ನು ಕಾದ ತಗಡಿನ ಕೊಳವೆಯ ಮೇಲೆ ಒತ್ತಿ ಹಿಡಿದ. ಚರ್ಮದ ಸದ್ದು ಬಂತು, ಆಮೇಲೆ ವಾಸನೆ, ಆಮೇಲೆ ಅವಳ ಕೂಗು. ಇದೇ ಕ್ರಮದಲ್ಲಿ ನನಗೆ ನೆನಪಿದೆ.

ಒಲೆಯ ಪಕ್ಕ ಸೀಳಿಟ್ಟ ಸೌದೆ ಇತ್ತು. ತೊಡೆಗಾತ್ರದ ಒಂದು ಸೀಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದೆ. "ಬುಡ್ಲಾ ಅವಳ್ನ! ನಾನೂ ತಕತೀನಿ, ಏನ್ ಮಾಡ್ತೀಯ ಮಾಡ್ಲಾ!" ಎಂದೆ. ಗಂಡನಿಗೆ ನಾನು ಲಾ ಎಂದದ್ದು ಅದೇ ಮೊದಲು. ಅವನು ತಿರುಗಿದ. ಮೊದಲ ಏಟು ಭುಜಕ್ಕೆ ಬಿತ್ತು. ಅವನು ಅಡ್ಡ ತಂದ ಮುಂಗೈಯ ಮೇಲೆ ಎರಡನೆಯದು ಬಿತ್ತು. ಕಬ್ಬು ಮುರಿದ ಹಾಗೆ ಲಟಕ್ಕೆಂದಿತು. ಅವನು ಕೂತ. ಕೂತವನಿಗೆ ಇನ್ನೊಂದು ಹಾಕಿದೆ. ಇಷ್ಟು ವರ್ಷದ ಮೇಲೆ ಕೇಳಿದರೂ ಆ ಏಟಿಗೆ ನನ್ನಲ್ಲಿ ವಿಷಾದವಿಲ್ಲ.

ಆಮೇಲೆ ಹಿಂದಿನಿಂದ ಮೈದುನ ನನ್ನನ್ನು ಕೆಡವಿದ. ಅತ್ತೆ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದಳು. ಮೈದುನ ಒದ್ದ ಕಡೆ ಪಕ್ಕೆಯ ಮೂಳೆ ಬಿರುಕು ಬಿಟ್ಟಿತ್ತು ಎಂದು ಆಮೇಲೆ ತಿಳಿಯಿತು. ಕೂಗು ಕೇಳಿ ಅಕ್ಕಪಕ್ಕದ ಹೆಂಗಸರು ಬಂದರು. ಪಕ್ಕದ ಮನೆಯ ಅಜ್ಜಿ ಒಲೆಯ ಕೊಳ್ಳಿಯನ್ನೇ ಎಳೆದು ಮೈದುನನ ಮುಖಕ್ಕೆ ಹಿಡಿದು, "ದೂರ ನಿಂತ್ಕೊಳ್ಲಾ, ಸುಟ್ಬುಡ್ತೀನಿ" ಎಂದಳು. ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ತನ್ನ ಮನೆಯೊಳಗೆ ಹಾಕಿ ಅಗುಳಿ ಜಡಿದಳು. ವಾರಗಿತ್ತಿಯ ಕೈಯನ್ನು ನೀರಿನ ಕೊಪ್ಪರಿಗೆಯಲ್ಲಿ ಮುಳುಗಿಸಿ ಕೂರಿಸಿದಳು.

ಬೆಳಗಾಗುವಷ್ಟರಲ್ಲಿ ಊರಿನಲ್ಲಿ ಕಥೆ ಬೆಳೆದಿತ್ತು. ಆ ಮುಲಾಮಿನಿಂದ ಹೆಂಗಸರನ್ನು ಬಂಜೆ ಮಾಡುತ್ತಾರಂತೆ, ಅದನ್ನು ಹಾಕಿಕೊಂಡವಳ ಹತ್ತಿರ ಹೋದ ಗಂಡಸಿಗೆ ಗಂಡಸುತನವೇ ಹೋಗುತ್ತದಂತೆ. ಅದು ಜೀಪು ಬರುವ ದಿನ. ಊರಬಾಗಿಲಲ್ಲಿ ಗಂಡಸರು ಕಾದಿದ್ದರು. ನಾವು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆವು. ಜೀಪಿಗೆ ಮೊದಲ ಕಲ್ಲು ಬಿದ್ದಾಗಲೇ ಡ್ರೈವರು ಗಾಡಿ ಹಿಂದಕ್ಕೆ ತೆಗೆಯತೊಡಗಿದ. ಯಾರೋ ಹೆಂಗಸು ಓಡಿಹೋಗಿ ಮೇಡಂಗೆ ನಮ್ಮ ವಿಷಯ ಹೇಳಿದಳು. ಅವರು ಇಳಿದರು. "ಒಳಗೆ ಇಬ್ಬರಿಗೆ ಪೆಟ್ಟಾಗಿದೆಯಂತೆ, ಅವರನ್ನ ಕರ್ಕೊಂಡು ಹೋಗ್ತೀನಿ, ದಾರಿ ಬಿಡಿ" ಎಂದರು.

"ಬಂಜೆ ಮಾಡೋಳ್ಗೆ ದಾರಿ ಬೇರೆ ಕೇಡು!" ಎಂದು ಒಬ್ಬ ಕೂಗಿದ. ಕಲ್ಲು ಅವರ ಹಣೆಗೆ ಹೊಡೆಯಿತು. ಅವರು ಒಂದು ಗಳಿಗೆ ಮಂಡಿಯೂರಿ ಕೂತರು. ಸೆರಗನ್ನು ಹಣೆಗೆ ಒತ್ತಿಕೊಂಡು ಎದ್ದು ಮತ್ತೆ ನಡೆದರು. ಅವರು ಓಡಿದ್ದರೆ ಜನ ಅಟ್ಟಿಸಿಕೊಂಡು ಬರುತ್ತಿದ್ದರೋ ಏನೋ. ರಕ್ತ ಸುರಿಸಿಕೊಂಡು ಸುಮ್ಮನೆ ನಡೆದು ಬರುವ ಹೆಂಗಸನ್ನು ಏನು ಮಾಡಬೇಕೆಂದು ಆ ಗಂಡಸರಿಗೆ ತಿಳಿಯಲಿಲ್ಲ. ಅಜ್ಜಿ ಬಾಗಿಲು ತೆಗೆದಳು. ಮೇಡಂ, ವಾರಗಿತ್ತಿ, ನಾನು ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜೀಪು ಹತ್ತಿದೆವು. ಗಾಡಿ ಹೊರಟ ಮೇಲೆ ಹಿಂದಿನ ಗಾಜು ಪುಡಿಯಾಗಿ ನಮ್ಮ ತಲೆಯ ಮೇಲೆಲ್ಲ ಬಿತ್ತು. ವಾರಗಿತ್ತಿಯ ಮಗು ಹಿಂದೆ ಉಳಿದ ಅಜ್ಜಿಯ ಸೊಂಟದಲ್ಲಿ ಅಳುತ್ತಿತ್ತು. ನನ್ನ ಮಕ್ಕಳಿಬ್ಬರೂ ಆಗ ಶಾಲೆಯಲ್ಲಿದ್ದರು.

ಪೊಲೀಸರವರೆಗೂ ಹೋಯಿತು. ಹಿರಿಯ ಪೇದೆಯೊಬ್ಬ ನನ್ನನ್ನು ನೋಡಿ, "ಗಂಡನ ಕೈ ಮುರ್ದೋಳು ನೀನೇ ಏನಮ್ಮ? ನೀನು ಕೊಟ್ರೆ ಅವ್ನೂ ಕೊಡ್ತಾನೆ ಕಂಪ್ಲೇಂಟು. ಯೋಚ್ನೆ ಮಾಡು" ಎಂದ. ಎರಡೂ ಕಡೆಯ ದೊಡ್ಡವರು ಕೂತು ರಾಜಿ ಮಾಡಿದರು. ಸುಟ್ಟ ಕೈಗೂ ಮುರಿದ ಕೈಗೂ ಸರಿಹೋಯಿತಂತೆ. ಮಗ ಅವನ ಹತ್ತಿರ ಉಳಿದ, ಮಗಳು ನನ್ನ ಜೊತೆ ಬಂದಳು.

ತವರಿಗೆ ಹೋದೆ. ನನ್ನಣ್ಣ ಬಾಗಿಲಲ್ಲೇ ನಿಂತು, "ಗಂಡನ್ ಕೈ ಮುರ್ದು ಬಂದೋಳ್ನ ಮನೇಲಿ ಮಡಗಿಕೊಂಡ್ರೆ ನನ್ ಮಗಳ್ನ ಯಾರು ಕೇಳ್ತಾರವ್ವ?" ಎಂದ. ಬಯ್ದು ಹೇಳಲಿಲ್ಲ, ಅತ್ತುಕೊಂಡೇ ಹೇಳಿದ. ಎರಡು ಹೊತ್ತು ಉಂಡು ಹೊರಟೆ. ಹುಣಸೂರಿನಲ್ಲಿ ಒಂದು ಕೋಣೆ ಹಿಡಿದು ಹೊಗೆಸೊಪ್ಪು ವಿಂಗಡಿಸುವ ಗೋಡೌನಿಗೆ ಕೆಲಸಕ್ಕೆ ಸೇರಿದೆ. ನನ್ನ ಗಂಡ ಒಮ್ಮೆ ಹಗಲು ಹೊತ್ತಿನಲ್ಲೇ ಕುಡಿದು ಬಂದು ಗೋಡೌನಿನ ಮುಂದೆ ನನ್ನ ಜುಟ್ಟು ಹಿಡಿದು ರಸ್ತೆಗೆ ಎಳೆದ. ನನ್ನ ಜೊತೆ ಕೆಲಸ ಮಾಡುವ ಹೆಂಗಸರು ಚಪ್ಪಲಿ ಕೈಗೆ ತೆಗೆದುಕೊಂಡು ಅವನನ್ನು ಬಸ್ ಸ್ಟ್ಯಾಂಡಿನವರೆಗೂ ಹೊಡೆಯುತ್ತ ಅಟ್ಟಿದರು. ಆಮೇಲೆ ಅವನು ಬರಲಿಲ್ಲ.

ವಾರಗಿತ್ತಿಯನ್ನು ಕೈ ವಾಸಿಯಾದ ಮೇಲೆ ಅವಳ ಅಪ್ಪನೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬಂದ. ಮಗು ಅಲ್ಲಿತ್ತು, ಅವಳೂ ಹೋದಳು. ಮತ್ತೆ ಮುಲಾಮು ಮುಟ್ಟುವ ಮಾತೇ ಇರಲಿಲ್ಲ. ಮಾರನೆ ವರ್ಷ ಬಸುರಿಯಾದಳು ಎಂದು ಕೇಳಿದೆ. ಏಳನೆಯ ತಿಂಗಳಿಗೆ ತವರಿಗೆ ಹೋಗಿದ್ದಾಗ ಹೊಟ್ಟೆಯಲ್ಲಿ ಮಗುವಿನ ಅಲುಗಾಟ ನಿಂತುಹೋಯಿತಂತೆ. ಎಚ್.ಡಿ. ಕೋಟೆಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಹೆರಿಗೆ ಮಾಡಿಸಿದ್ದರು. ಗಂಡುಮಗು. ಬಟ್ಟೆಯಲ್ಲಿ ಸುತ್ತಿ ಮೂಲೆಯ ಮೇಜಿನ ಮೇಲೆ ಇಟ್ಟಿದ್ದರು, ಮೈಯ ಚರ್ಮ ಅಲ್ಲಲ್ಲಿ ಸುಲಿದಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಇದು ಗಂಡನಿಂದ ಬಂದಿರೋ ಕಾಯಿಲೆ. ರಕ್ತದಿಂದ ಮಗುವಿಗೂ ಹೋಗಿದೆ. ಮೊದಲೇ ಇಬ್ಬರೂ ಇಂಜೆಕ್ಷನ್ ತಗೊಂಡಿದ್ರೆ ಉಳೀತಿತ್ತಮ್ಮ" ಎಂದರು.

ಅವಳು ಅಳಲಿಲ್ಲ. ಹಾಸಿಗೆಯಿಂದ ಇಳಿದು ವಾರ್ಡಿನ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ನಾನೂ ಆಯಾಳೂ ಸೇರಿ ಹಿಡಿದರೂ ಆಗಲಿಲ್ಲ. ಸುಣ್ಣದ ಮೇಲೆ ರಕ್ತ ಅಂಟಿತು. ಸಂಜೆ ಮೈದುನ ಬಂದ. ಅವನು ಬಾಗಿಲು ದಾಟಿದ್ದೇ ತಡ ಅವಳು ಹೆರಿಗೆಯ ಮೈಯಲ್ಲೇ ಹಾರಿ ಅವನ ಮುಖ ಪರಚಿದಳು. ಕತ್ತು ಹಿಡಿದು ಮೇಜಿನ ಹತ್ತಿರ ಎಳೆದುಕೊಂಡು ಹೋಗಿ ಬಟ್ಟೆ ಸರಿಸಿ, "ನೋಡ್ಲಾ! ಕಲ್ಲಿದ್ದಂಗಿವ್ನಿ ಅಂತಿದ್ದೆಯಲ್ಲ, ನೋಡು ನಿನ್ ಕಲ್ಲ!" ಎಂದಳು. ಅವನು ನೋಡಿದ. ನೋಡಿ ಅಲ್ಲೇ ಕುಸಿದ. ಆ ಮನುಷ್ಯ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವಳು ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದಳು. ಗಂಡನ ಮನೆಗೆ ಹೋಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕೇಂದ್ರದವರು ಹೇಳಿ ಕಳಿಸಿದರು. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಮುಲಾಮು ಬಳಸಿದ್ದ ಹೆಂಗಸರೆಲ್ಲ ಒಂದು ಹಾಲಿನಲ್ಲಿ ಸೇರಿದ್ದೆವು. ಮೇಡಂ ಎದ್ದು ನಿಂತರು. ಹಣೆಯ ಮೇಲೆ ಹೊಲಿಗೆಯ ಗುರುತು ಹಾಗೇ ಇತ್ತು. "ಪ್ರಯೋಗ ನಿಲ್ಲಿಸಿದ್ದೀವಿ. ಆ ಮುಲಾಮು ಕಾಯಿಲೆ ತಡೆಯೋದಿಲ್ಲ ಅಂತ ಗೊತ್ತಾಗಿದೆ. ಉಳಿದಿರೋದನ್ನೆಲ್ಲ ವಾಪಸ್ ಕೊಡಿ, ಯಾರೂ ಬಳಸಬೇಡಿ" ಎಂದರು.

ನನ್ನ ಕೈಯಲ್ಲಿ ಟೀ ಲೋಟ ಇತ್ತು. ಅದನ್ನು ಅವರ ಕಡೆಗೇ ಎಸೆದೆ. ಅವರ ಹಿಂದಿನ ಗೋಡೆಗೆ ಬಿದ್ದು ಒಡೆಯಿತು. "ಇದ್ಕೋಸ್ಕರನಾ ನನ್ ಪಕ್ಕೆ ಮುರಿಸ್ಕೊಂಡದ್ದು? ಇದ್ಕೋಸ್ಕರನಾ ಅವಳ ಕೈ ಸುಟ್ಟಿದ್ದು?"

ಹಾಲಿನಲ್ಲಿ ಎಲ್ಲರೂ ಎದ್ದು ನಿಂತರು. ಮೇಡಂ ಅಲುಗಲಿಲ್ಲ. "ಮೊದಲನೇ ದಿನವೇ ಹೇಳಿದ್ದೆ ಅಲ್ವಾ, ಗೊತ್ತಿಲ್ಲ ಅಂತ" ಎಂದರು.

"ಹೇಳಿದ್ರಿ. ನಾವೂ ಕೇಳಿದ್ವಿ. ಆದ್ರೂ ನಂಬಿದ್ವಿ. ನಂಬ್ದೆ ಇನ್ನೇನ್ ಮಾಡ್ಬೇಕಿತ್ತು ಮೇಡಂ? ನಮ್ ಹತ್ರ ಬೇರೆ ಏನಿತ್ತು?"

ಅವರು ಕೆಳಗಿಳಿದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಆಮೇಲೆ ನಾವಿಬ್ಬರೂ ಸೇರಿ ಗಾಜಿನ ಚೂರು ಆರಿಸಿದೆವು. ಅವರ ಮೇಲಿನ ಸಿಟ್ಟು ಇಳಿಯಲು ನನಗೆ ಬಹಳ ದಿನ ಹಿಡಿಯಿತು. ಪೂರ್ತಿ ಇಳಿದಿದೆ ಎಂದು ಈಗಲೂ ಹೇಳಲಾರೆ. ಆದರೂ ಅವರು ಕರೆದಾಗ ಅದೇ ಕೇಂದ್ರದಲ್ಲಿ ಹಳ್ಳಿ ಸುತ್ತುವ ಕೆಲಸಕ್ಕೆ ಸೇರಿದೆ. ಔಷಧಿ ಹಂಚುವ ಕೆಲಸವಲ್ಲ ಅದು. ಕಾಯಿಲೆ ಇದ್ದ ಹೆಂಗಸರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಗಂಡಂದಿರನ್ನೂ ಹೇಗಾದರೂ ಎಳೆದು ತರುವುದು.

ಹಾಗೆ ಬಂದ ಮೊದಲ ಗಂಡಸು ನನ್ನ ಮೈದುನ. ಅವನಾಗಿಯೇ ನನ್ನ ಕೋಣೆಯ ಬಾಗಿಲಿಗೆ ಬಂದಿದ್ದ. "ಅತ್ತಿಗೆ, ಅವಳ್ನ ಕಳ್ಸಿಕೊಡಿ" ಎಂದ. ವಾರಗಿತ್ತಿ ಒಳಗಿನಿಂದಲೇ ಹೇಳಿದಳು. "ನನ್ ಕಣ್ಣೆದುರ್ಗೆ ಸೂಜಿ ಚುಚ್ಚಿಸ್ಕೋ. ಡಾಕ್ಟ್ರು ವಾಸಿ ಆಯ್ತು ಅನ್ನೋಗಂಟ ಮುಟ್ಬ್ಯಾಡ. ಬ್ಯಾರೆ ಮನೆ ಮಾಡು. ಒಪ್ಕೊಂಡ್ರೆ ಬತ್ತೀನಿ."

ಒಪ್ಪಿಕೊಂಡ. ಆಸ್ಪತ್ರೆಯ ಕೋಣೆಯಲ್ಲಿ ಅವನು ಗೋಡೆ ಕಡೆ ತಿರುಗಿ ನಿಂತಿದ್ದ. ಅವಳು ಸುಟ್ಟ ಗುರುತಿನ ಕೈಯನ್ನು ಸೊಂಟದ ಮೇಲಿಟ್ಟು ಹಿಂದೆಯೇ ನಿಂತು ನೋಡುತ್ತಿದ್ದಳು. ಆ ಇಂಜೆಕ್ಷನ್ನು ಬಲು ನೋವಿನದು. ಅವನು "ಅವ್ವಾ!" ಎಂದು ಕೂಗಿದ. ಅವಳು ನರ್ಸಿಗೆ, "ಇನ್ನೊಂದ್ ಕಡೆಗೂ ಆಕಿ ಸಿಸ್ಟರೇ, ಒಂದೇ ಕಡೆ ಯಾಕೆ?" ಎಂದಳು. ನರ್ಸು ನಕ್ಕರು, ಇನ್ನೊಂದು ಕಡೆಗೂ ಕೊಡಬೇಕಾದದ್ದೇ ಇತ್ತು. ತಾನೂ ಚುಚ್ಚಿಸಿಕೊಂಡಳು. ಬಾಯಿ ಬಿಡಲಿಲ್ಲ. ಅವರಿಬ್ಬರೂ ಪಿರಿಯಾಪಟ್ಟಣದಲ್ಲಿ ಬೇರೆ ಮನೆ ಮಾಡಿದರು. ಅವನು ಕೇರಳದ ಲೋಡು ಬಿಟ್ಟು ಅಲ್ಲೇ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ.

ಇದಾಗಿ ಒಂದೆರಡು ವರ್ಷಕ್ಕೆ ದೊಡ್ಡ ಊರಿನ ಡಾಕ್ಟರುಗಳು ಕೇಂದ್ರಕ್ಕೆ ಬಂದರು. ಇನ್ನು ಮುಂದೆ ಎಂಥದ್ದನ್ನು ತಯಾರಿಸಬೇಕು ಎಂದು ಹೆಂಗಸರನ್ನೇ ಕೇಳಬೇಕಂತೆ. ವಾರಗಿತ್ತಿಯನ್ನೂ ಕರೆಸಿದ್ದೆ. ಅವಳು ಆಗ ಐದು ತಿಂಗಳ ಬಸುರಿ. ಡಾಕ್ಟರೊಬ್ಬರು ಮೆತ್ತನೆಯ ಒಂದು ಉಂಗುರವನ್ನು, ಬಳೆಗಿಂತ ಚಿಕ್ಕದು, ಕೈಯಿಂದ ಕೈಗೆ ದಾಟಿಸಿದರು. ಒಮ್ಮೆ ಒಳಗಿಟ್ಟುಕೊಂಡರೆ ತಿಂಗಳೆಲ್ಲ ಇರುತ್ತದಂತೆ, ಮಕ್ಕಳಾಗುವುದನ್ನೂ ರೋಗವನ್ನೂ ಎರಡನ್ನೂ ತಡೆಯುವ ಔಷಧಿಯನ್ನು ಅದರಲ್ಲಿ ಸೇರಿಸಲು ನೋಡುತ್ತಿದ್ದಾರಂತೆ. "ಇನ್ನೂ ಆಗಿಲ್ಲ" ಎಂದು ಅವರೇ ಮುಂಚೆ ಹೇಳಿದರು.

ವಾರಗಿತ್ತಿ ಅದನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. "ಎರಡು ತರದ್ದು ಮಾಡಿ ಸಾರ್. ಒಂದು ಎರಡ್ನೂ ತಡಿಯೋದು. ಇನ್ನೊಂದು ರೋಗ ಮಾತ್ರ ತಡ್ದು ಮಗೀನ ಬುಡೋದು. ನಂಗೆ ಬೇಕಾಗಿದ್ದು ಎರಡ್ನೇದು. ಅದು ಇಲ್ದೇನೇ ನನ್ ಮಗ ಹೋದ."

ಡಾಕ್ಟರು ಅವಳ ಮಾತನ್ನು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಗಂಡನಿಗೆ ಗೊತ್ತಾಗಬಾರದು, ಅದು ಮುಖ್ಯ ಅಲ್ವಾ?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಯಾಕ್ ಸಾರ್ ಯಾವಾಗ್ಲೂ ನಾವೇ ಬಚ್ಚಿಡ್ಬೇಕು? ಡಬ್ಬದಲ್ಲಿ ಬಚ್ಚಿಟ್ವಿ, ಗೋಡೇಲಿ ಬಚ್ಚಿಟ್ವಿ, ಈಗ ಮೈಯೊಳಗೆ ಬಚ್ಚಿಡಿ ಅಂತೀರ. ಸಿಕ್ಕಾಕೊಂಡ್ರೆ ಒಡಿಸ್ಕೊಳ್ಳೋರು ನಾವು. ಆ ಗಂಡಸ್ರಿಗೆ ಹೇಳೋರು ಯಾರೂ ಇಲ್ವಾ?"

"ನೀವು ಹೇಳೋದು ನಿಜ. ಆದರೆ ಅವರು ಬದಲಾಗೋವರೆಗೆ?"

ಯೋಚಿಸಿದೆ. ಅವರ ಪ್ರಶ್ನೆಯಲ್ಲೂ ತಪ್ಪಿರಲಿಲ್ಲ. "ಅಲ್ಲೀಗಂಟ ಕೊಡಿ ಮತ್ತೆ. ಬೇಗ ಮಾಡಿ" ಎಂದೆ.

ನಾನು ಆ ಕೆಲಸದಲ್ಲಿ ಇದ್ದಷ್ಟು ವರ್ಷವೂ ಅಂಥ ಉಂಗುರ ನಮ್ಮ ತಾಲ್ಲೂಕುಗಳ ಯಾವ ಆಸ್ಪತ್ರೆಗೂ ಬರಲಿಲ್ಲ. ಹೆಂಗಸರು ಕೇಳುತ್ತಲೇ ಇದ್ದರು, ನಾನು ಇನ್ನೂ ಇಲ್ಲ ಎನ್ನುತ್ತಲೇ ಇದ್ದೆ. ವಾರಗಿತ್ತಿಗೆ ಆ ಸಲ ದಿನ ತುಂಬಿ ಹೆರಿಗೆಯಾಯಿತು. ಹೆಣ್ಣುಮಗು, ಅವಳಂತೆಯೇ ಜೋರು ಗಂಟಲು. ಮೈದುನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಸಕ್ಕರೆ ಹಂಚಿದ. ಅತ್ತೆ ನೋಡಲು ಬರಲಿಲ್ಲ.